ಗೂಡು ಬಲ್ಲವನು

ಎಲ್ಲ ತಾಪತ್ರಯಕ್ಕೂ ಮೂಲ ಬೆಳಗಿನ ಸಭೆಯಲ್ಲಿ ನಮ್ಮ ಪ್ರೋಗ್ರಾಮರ್ ಆಡಿಸಿದ ತಲೆ. "ಗೂಡು ಯಾರಿಗೆ ಗೊತ್ತು?" ಎಂದು ಮ್ಯಾನೇಜರ್ ಕೇಳಿದ್ದರು. ಗೂಡು ಎಂದರೆ ಬರೆದ ಪ್ರೋಗ್ರಾಮನ್ನು ಕಟ್ಟಿ ಸರ್ವರಿಗೆ ಏರಿಸುವ, ಆ ಕಚೇರಿಗೆ ಹೊಸದಾದ ತಂತ್ರಾಂಶ. ಅವನು ಅದರ ಹೆಸರನ್ನು ಎಲ್ಲೋ ಓದಿದ್ದ, ಅಷ್ಟೇ. ಆದರೆ 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಈವರೆಗೆ ಹೊರಟದ್ದಿಲ್ಲ. ದಾರಿ ಕೇಳಿದವರನ್ನು ತಪ್ಪು ದಾರಿಗಾದರೂ ಹಚ್ಚುತ್ತಿದ್ದನೇ ಹೊರತು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ.

"ಹಾಗಾದ್ರೆ ಸಂಜೆ ಐದಕ್ಕೆ ನಿಮ್ಮ ಪ್ರೋಗ್ರಾಮನ್ನ ಗೂಡಲ್ಲಿ ಓಡಿಸಿ ತೋರಿಸಿ. ಆಮೇಲೆ ನಿಮ್ಮ ರಜೆ ಅರ್ಜಿಗೆ ಸಹಿ ಹಾಕ್ತೀನಿ," ಎಂದರು ಮ್ಯಾನೇಜರ್.

ಏಳು ಗಂಟೆಗೆ ರೈಲು. ಹೆಂಡತಿ, ಮಗಳೊಂದಿಗೆ ಸಮುದ್ರ ನೋಡಲು ಹೋಗುವುದನ್ನು ಎರಡು ಸಲ ಮುಂದೂಡಿ ಆಗಿತ್ತು.

ಗೂಡಿನ ಕೈಪಿಡಿ ತೆರೆದ. ಮೊದಲ ಅಧ್ಯಾಯದಲ್ಲಿ ಮೂರೇ ಮಾತು: "ಹಾಕಿಕೊಳ್ಳಿ. ಓಡಿಸಿ. ಆನಂದಿಸಿ." ಎರಡನೆಯದು 'ತೊಂದರೆಗಳು ಮತ್ತು ಪರಿಹಾರ'. ಅದರ ಕೆಳಗೆ, "ಈ ಭಾಗವನ್ನು ಸದ್ಯದಲ್ಲೇ ಬರೆಯಲಾಗುವುದು." ತಾರೀಖು ನೋಡಿದ. ಆ ಸದ್ಯಕ್ಕೆ ನಾಲ್ಕು ವರ್ಷ ತುಂಬಿತ್ತು.

ಹಾಕಿಕೊಂಡ. ಓಡಿಸಿದ. ಆನಂದದ ಬದಲು ಪರದೆಯ ತುಂಬ ದಡಾರ ಎದ್ದಂತೆ ಕೆಂಪಕ್ಷರ.

ಗೂಡು ಬಳಸುವವರದೊಂದು ಆನ್‌ಲೈನ್ ಗುಂಪಿತ್ತು. ಅಲ್ಲಿ ಯಾರೂ ಸ್ವಂತ ಹೆಸರು ಹೇಳುತ್ತಿರಲಿಲ್ಲ. ಇವನು 'ಇರುವೆ' ಎಂಬ ಹೆಸರಿನಲ್ಲಿ ಗೋಳು ಹೇಳಿಕೊಂಡ. ಎಲ್ಲರ ಗೋಳಿಗೂ ಉತ್ತರ ಕೊಡುವ 'ಗರುಡ' ಎಂಬಾತನಿಗಾಗಿ ಕಾದ.

ಅಷ್ಟರಲ್ಲಿ ಹಿಂದಿನ ಮೇಜಿನ ಹಿರಿಯರು ಕುರ್ಚಿಯನ್ನು ಉರುಳಿಸಿಕೊಂಡೇ ಬಂದರು. ಕಂಡಕಂಡವರ ತಪ್ಪು ತಿದ್ದುವುದರಿಂದ ಕಚೇರಿಗೆಲ್ಲ ಅವರು ಮೇಷ್ಟ್ರು.

"ಏನಯ್ಯಾ, ಗೂಡಲ್ಲಿ ನೀನು ಪಂಟನಂತೆ. ಅದು ಹಠ ಹಿಡಿದ್ರೆ ಏನ್ ಮಾಡ್ತೀಯ?"

"ಹಳೇ ಆವೃತ್ತಿ ಹಾಕ್ಕೋಬೇಕು ಮೇಷ್ಟ್ರೇ," ಎಂದ, ಬಾಯಿಗೆ ಬಂದದ್ದನ್ನು.

ಅರ್ಧ ಗಂಟೆಯಲ್ಲಿ ಗರುಡನ ಉತ್ತರ ಬಂತು: "ಹಳೆಯ ಆವೃತ್ತಿ ಹಾಕಿಕೊಳ್ಳಿ. ನೂರು ಸಲ ಮಾಡಿ ನೋಡಿದ್ದೇನೆ." ಪ್ರೋಗ್ರಾಮರ್ ಉಬ್ಬಿಹೋದ. ಬಾಯಿಗೆ ಬಂದದ್ದೇ ಇಷ್ಟು ಸರಿಯಿದ್ದರೆ, ಯೋಚಿಸಿ ಹೇಳಿದ್ದರೆ ಇನ್ನೇನಾಗುತ್ತಿತ್ತೋ. ಹಾಕಿಕೊಂಡ. ಗೂಡಿನ ಜೊತೆಗೆ, ಅದರ ನೆಂಟಸ್ತಿಕೆಯೇ ಇಲ್ಲದ ಪ್ರಿಂಟರೂ ಕೆಟ್ಟು ಕೂತಿತು. ಇರುವೆ ಮತ್ತೆ ಗೋಳಿಟ್ಟಿತು.

ಹೆಂಡತಿಯ ಫೋನು. "ರೀ, ಸೂಟ್‌ಕೇಸ್ ತುಂಬಿಸಿಟ್ಟಿದೀನಿ. ಪುಟ್ಟಿ ಈಜೋ ಕನ್ನಡಕ ಹಾಕ್ಕೊಂಡೇ ಊಟ ಮಾಡಿದ್ಳು. ಬರ್ತೀರಿ ತಾನೆ?"

"ಬರದೆ ಏನು? ಇನ್ನೇನು ಮುಗೀತು."

ಚಹಾ ಯಂತ್ರದ ಬಳಿ ಮೇಷ್ಟ್ರು ಮತ್ತೆ ಅಡ್ಡ ಬಂದರು. "ಗೂಡು ಆಗಲೂ ಬಗ್ಗದಿದ್ರೆ?"

"ಎಲ್ಲಾನೂ ಅಳಿಸಿ ಹಾಕ್ಬೇಕು," ಎಂದು ರೇಗಿದ.

"ಎಲ್ಲಾನೂ?"

"ಎಲ್ಲಾನೂ."

ಮೇಷ್ಟ್ರು ಅರ್ಧ ಕುಡಿದ ಚಹಾ ಬಿಟ್ಟು ನಡೆದರು.

ನಾಲ್ಕಕ್ಕೆ ಗರುಡ ಬರೆದ: "ಎಲ್ಲವನ್ನೂ ಅಳಿಸಿಹಾಕಿ. ಅನುಮಾನ ಬೇಡ." ಇರುವೆ ಅನುಮಾನಿಸಲಿಲ್ಲ. ಮೂರು ವಾರದ ಕೆಲಸ ಹಾರಿಹೋಗಿ, ಪರದೆ ಒಣಹಾಕಿದ ಬೆಡ್‌ಶೀಟಿನಂತೆ ಬೆಳ್ಳಗಾಯಿತು. ನಕಲೊಂದಿತ್ತು, ನಿಜ. ಅದನ್ನು ಗೂಡಿನೊಳಗೇ ಇಟ್ಟಿದ್ದ.

ಕೊನೆಗೆ ಮೇಷ್ಟ್ರ ಕಾಲನ್ನಾದರೂ ಹಿಡಿಯೋಣವೆಂದು ಹಿಂದಕ್ಕೆ ತಿರುಗಿದ. ಅವರ ಪರದೆಯ ಮೇಲೆ ಅದೇ ಗುಂಪು. ಮೂಲೆಯಲ್ಲಿ ಹೆಸರು: ಗರುಡ.

"ಮೇಷ್ಟ್ರೇ, ನೀವಾ?"

"ಮೆಲ್ಲಗೆ ಮಾತಾಡು ಮಾರಾಯ. ಗೂಡು ನನಗೆಲ್ಲಿ ಬರುತ್ತೆ? ಅದಕ್ಕೇ ನಿನ್ನ ಕೇಳಿದ್ದು. ಯಾರೋ ಇರುವೆಯಂತೆ, ಬೆಳಗಿಂದ ಪ್ರಾಣ ತಿಂತಿದ್ದಾನೆ. ನೀನು ಹೇಳಿದ್ದನ್ನೆಲ್ಲ ಅವನಿಗೆ ದಾಟಿಸ್ದೆ. ಪಾಪ, ಏನಾದ್ನೋ."

ಪ್ರೋಗ್ರಾಮರ್ ತನ್ನ ಬೆಳ್ಳನೆಯ ಪರದೆಯತ್ತ ತಿರುಗಿದ. ಐದು ಹೊಡೆಯಿತು. ಮ್ಯಾನೇಜರ್ ಕೋಣೆಗೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಹೇಳಿದ: "ಸಾರ್, ನನಗೆ ಗೂಡು ಗೊತ್ತಿಲ್ಲ."

ಮ್ಯಾನೇಜರ್ ನಕ್ಕರು. "ತಿಳಿದೋರು ಹೇಳೋದೇ ಹೀಗೆ. ಗೂಡು ಕಲಿಸೋರು ಯಾರಿದ್ದಾರೆ ಅಂತ ಮಧ್ಯಾಹ್ನ ನಾನೂ ಗುಂಪಲ್ಲಿ ಕೇಳಿದ್ದೆ ಕಣ್ರೀ. ಗರುಡನೇ ನಿಮ್ಮ ಹೆಸರು ಬರೆದ, 'ನಾನೇ ಅವರ ಹತ್ರ ಕಲಿಯೋದು' ಅಂತ. ಇನ್ನು ನೀವು ತೋರಿಸೋದೇನಿದೆ? ನಾಳೆಯಿಂದ ನಲವತ್ತು ಜನಕ್ಕೆ ಪಾಠ ಮಾಡಿ. ರಜೆ ಆಮೇಲೆ ನೋಡೋಣ. ಒಂದು ಒಳ್ಳೇ ಕೈಪಿಡಿ ಇವತ್ತೇ ಬರೆದುಬಿಡಿ."

ಬಂದು ಕೂತು ಬರೆಯತೊಡಗಿದ. "ಹಾಕಿಕೊಳ್ಳಿ. ಓಡಿಸಿ." 'ಆನಂದಿಸಿ' ಎಂಬುದೂ ಕಷ್ಟಪಟ್ಟು ಇಳಿಯಿತು. ಎರಡನೆಯ ಅಧ್ಯಾಯಕ್ಕೆ ತಲೆಬರಹ ಕೊಟ್ಟು ಪರದೆಯನ್ನೇ ನೋಡುತ್ತಿದ್ದಾಗ ಫೋನು ಬಂತು.

"ರೀ, ಇವಳು ಕನ್ನಡಕ ಹಾಕ್ಕೊಂಡು ಬಾಗಿಲಲ್ಲೇ ಕೂತಿದಾಳೆ. ಯಾವಾಗ ಹೊರಡೋದು?"

"ಸದ್ಯದಲ್ಲೇ," ಎಂದ.