ಕಿಟ್ಟಿಗೊಂದು ಆಯುಧಪೂಜೆ

ದೇವರಾಣೆ, ನಾನು ಮಾಡಿದ್ದು ಪೂಜೆ. ಅದನ್ನು ಅನಾಹುತ ಎಂದು ಕರೆದವರು ನಮ್ಮ ಲ್ಯಾಬಿನವರು.

ಅಮೃತಹಳ್ಳಿಯ ಪುಟ್ಟ ಸಂಶೋಧನಾ ಲ್ಯಾಬೊಂದರಲ್ಲಿ ನಾನು ಸ್ಟೋರ್ ಇನ್‌ಚಾರ್ಜ್. ಆಯುಧಪೂಜೆಗೆ ಅಲ್ಲಿನ ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ ಇಡುವವಳೂ ನಾನೇ. ಈ ಸಲ ಹಬ್ಬದ ಹಿಂದಿನ ದಿನ ದೀಪಾಳ ಕಿಟ್ ಬಂತು. ದೀಪಾ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಗಾಯ ಮಾಯಲು ನೆರವಾಗುವ ಒಂದು ಪ್ರೋಟೀನು ಮನುಷ್ಯರ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಕಿಟ್ ಅದು. ಆ ವಾರ ಅಳತೆ ಸಿಗದಿದ್ದರೆ ಅವಳ ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ.

ಇಷ್ಟು ಮುಖ್ಯವಾದ ವಸ್ತುವಿಗೆ ಪೂಜೆ ಬೇಡವೇ? ಡಬ್ಬದ ಮೇಲೆ ಕುಂಕುಮ ಇಟ್ಟೆ. ಸಮಾಧಾನವಾಗಲಿಲ್ಲ. ಡಬ್ಬ ಬಿಚ್ಚಿದೆ. ಒಳಗಿನ ಬೆಳ್ಳಿ ಬಣ್ಣದ ಕವರನ್ನೂ ಕತ್ತರಿಸಿದೆ. ಅಳಗುಳಿಮಣೆಯಂಥ ಪ್ಲಾಸ್ಟಿಕ್ ತಟ್ಟೆ, ತುಂಬ ಪುಟ್ಟ ಪುಟ್ಟ ಗುಳಿಗಳು. ಒಂದಕ್ಕೆ ಅರಿಶಿನ ಹಾಕಿ ಇನ್ನೊಂದನ್ನು ಬಿಟ್ಟರೆ ಪಕ್ಷಪಾತವಾಗುತ್ತದೆಂದು ಚಿಟಿಕೆ ಚಿಟಿಕೆ ಹಾಕುತ್ತಾ ಹೋದೆ. ಅರ್ಧ ತಟ್ಟೆಗೇ ಅರಿಶಿನ ಮುಗಿಯಿತು.

ಹಬ್ಬ ಕಳೆದು ಬಂದ ದೀಪಾ ತಟ್ಟೆ ನೋಡಿ ನಿಂತೇಬಿಟ್ಟಳು.

"ಆಂಟಿ, ಪ್ರೋಟೀನ್ ಇದ್ರೆ ಟೆಸ್ಟಿನ ಕೊನೇಲಿ ಹಳದಿ ಬಣ್ಣ ಬರ್ಬೇಕು. ಇದ್ರಲ್ಲಿ ಮೊದ್ಲೇ ಬಂದ್ಬಿಟ್ಟಿದೆಯಲ್ಲ."

"ಒಳ್ಳೇದೇ ಆಯ್ತಲ್ಲಮ್ಮ, ನಿಂಗೆ ಕೆಲಸ ಕಮ್ಮಿ" ಎಂದೆ.

ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. "ಇರ್ಲಿ ಬಿಡಿ. ಇನ್ನರ್ಧ ಚೆನ್ನಾಗಿದೆ, ನಂಗೆ ಅಷ್ಟೇ ಸಾಕು. ಸ್ಯಾಂಪಲ್ ತರ್ತೀನಿ, ಸ್ವಲ್ಪ ನೋಡ್ಕೊಳ್ಳಿ."

ನೋಡಿಕೊಂಡೆ. ಬಿಸಿನೀರು, ಪಾತ್ರೆ ಸೋಪು, ಸ್ಪಂಜು. ಅರ್ಧ ತೊಳೆದು ಅರ್ಧ ಬಿಡುವ ಹೆಂಗಸು ನಾನಲ್ಲ. ಇಡೀ ತಟ್ಟೆ ಫಳಫಳ ಹೊಳೆಯಿತು!

"ಗುಳಿ ಒಳಗೆ ಕಾಣದಿರೋ ಲೇಪ ಇರುತ್ತೆ ಆಂಟಿ. ಪ್ರೋಟೀನ್ ಹಿಡಿಯೋದೇ ಅದು. ಈಗ ಉಳಿದಿರೋದು ಬರೀ ಪ್ಲಾಸ್ಟಿಕ್ಕು" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಕಾಣದ್ದನ್ನು ಬಳಿದಿಟ್ಟವರದು ತಪ್ಪಲ್ಲ, ತೊಳೆದವಳದು ತಪ್ಪು. ಯಾವ ಊರಿನ ನ್ಯಾಯ ಇದು? ಇದನ್ನು ಬಾಯಿಬಿಟ್ಟು ಕೇಳುವವಳಿದ್ದೆ. ಅಷ್ಟರಲ್ಲಿ ಹುಡುಗಿಯ ಕಣ್ಣಲ್ಲಿ ನೀರು ಕಂಡಿತು.

ಅವಳು ಸಿಕ್ಕಸಿಕ್ಕವರಿಗೆ ಫೋನು ಮಾಡಿದಳು. ಯಲಹಂಕದ ಗೆಳತಿಯ ಲ್ಯಾಬಿನಲ್ಲಿ ಅಂಥದೇ ಅರ್ಧ ತಟ್ಟೆ ಉಳಿದಿತ್ತು. "ನಾನೇ ಹೋಗಿ ತರ್ತೀನಿ ಕಣಮ್ಮ" ಎಂದೆ. "ಬೇಡ ಆಂಟಿ, ನಿಮ್ಗೆ ಕೈ ಮುಗೀತೀನಿ" ಎಂದು ಸ್ಟೋರಿಗೆ ಬೀಗ ಜಡಿದು, ಬೀಗದ ಕೈಯನ್ನೂ ತನ್ನ ಬಳಿಯೇ ಇಟ್ಟುಕೊಂಡು ತಾನೇ ಆಟೊ ಹತ್ತಿದಳು.

ವಿದ್ಯಾರಣ್ಯಪುರದ ಮನೆಗೆ ಬಂದು ಯಜಮಾನರ ಮುಂದೆ ಈ ಅನ್ಯಾಯವನ್ನೆಲ್ಲ ತೋಡಿಕೊಂಡೆ. ಪೇಪರಿನಿಂದ ತಲೆಯೆತ್ತದೆ, "ಸದ್ಯ, ಅದ್ರ ಮೇಲೆ ತೆಂಗಿನಕಾಯಿ ಒಡೀಲಿಲ್ವಲ್ಲ" ಎಂದರು. ಕಟ್ಟಿಕೊಂಡವರೇ ಹೀಗಂದರೆ ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮರುದಿನ ದೀಪಾಳಿಗೆ ಬೇಕಾದ ಅಳತೆ ಸಿಕ್ಕಿತು. ನಗುನಗುತ್ತಾ ಎಲ್ಲರಿಗೂ ಪೇಡ ಹಂಚಿದಳು, ನನಗೂ ಎರಡು ಕೊಟ್ಟಳು. ಸ್ಟೋರಿನ ಬೀಗದ ಕೈ ಮಾತ್ರ ಅವಳ ಹತ್ತಿರವೇ ಉಳಿಯಿತು. ಈಗ ಒಂದು ಪೆನ್ನು ಬೇಕಾದರೂ ಸ್ಟೋರ್ ಇನ್‌ಚಾರ್ಜ್ ಆದ ನಾನು ದೀಪಾಳನ್ನು ಕೇಳಿ ಪಡೆಯಬೇಕು.