ನಡುವಿನವನ ನೌಕರಿ

ಒಡಹುಟ್ಟಿದವರಲ್ಲಿ ನಡುವಿನವನಾಗಿ ಹುಟ್ಟಬಾರದು. ಹಿರಿಯರಿಗೆ ಮರ್ಯಾದೆ, ಕಿರಿಯರಿಗೆ ಮುದ್ದು. ನಡುವಿನವನಿಗೆ ಸಿಗುವುದು ಸುದ್ದಿ ಮುಟ್ಟಿಸುವ ಕೆಲಸ. ಚಿಕ್ಕಂದಿನಲ್ಲಿ "ಅಕ್ಕನ್ನ ಕರಿ, ತಮ್ಮನ್ನ ಎಬ್ಬಸು" ಎನ್ನಿಸಿಕೊಂಡು ಓಡಾಡಿದ ನಾನು, ತಲೆ ನರೆತ ಮೇಲೂ ಅದೇ ಹುದ್ದೆಯಲ್ಲಿದ್ದೆ. ಗೌರಕ್ಕ ಇರುವುದು ಹಡಗಲಿಯಲ್ಲಿ, ತಮ್ಮ ಸಿದ್ದೇಶ ಹರಪನಹಳ್ಳಿಯಲ್ಲಿ, ನಾನು ಒಂದು ಬಟ್ಟೆ ಅಂಗಡಿ ಇಟ್ಟುಕೊಂಡು ಕೊಟ್ಟೂರಿನಲ್ಲಿ.

ಅಕ್ಕನಿಗೂ ತಮ್ಮನಿಗೂ ಮಾತು ನಿಂತದ್ದು ಅವನ ಮಗಳ ಮದುವೆಯಲ್ಲಿ. ಓಡಾಟದ ಗಡಿಬಿಡಿಯಲ್ಲಿ ಅವನು ಲಗ್ನಪತ್ರಿಕೆಯ ಫೋಟೋ ತೆಗೆದು ಅಕ್ಕನ ವಾಟ್ಸಾಪ್‌ಗೆ ಹಾಕಿಬಿಟ್ಟ. "ಗಂಡ ಹೆಂಡ್ತಿ ಮನಿಗೆ ಬಂದು ಕುಂಕುಮ ಕೊಟ್ಟು ಕರಿಯಾಕ ಆಗಲಿಲ್ಲೇನು? ಊರ ಮಂದಿಗೆ ಹಾಕಿದಂಗ ನನಗೂ ಹಾಕ್ಯಾನ" ಎಂದು ಅಕ್ಕ ಮದುವೆಗೇ ಹೋಗಲಿಲ್ಲ. "ಎತ್ತಿ ಆಡಿಸಿದಾಕಿನೇ ಬರಲಿಲ್ಲ, ಇನ್ನ ನನ್ನ ಮುಂದ ಆಕಿ ಹೆಸರು ತೆಗೀಬ್ಯಾಡ" ಎಂದ ತಮ್ಮ.

ಹೆಸರು ಬೇಡ, ಆದರೆ ಸುದ್ದಿ ಬೇಕು. ಬೆಳಿಗ್ಗೆ ಅಕ್ಕನ ಫೋನು: "ನಾ ಏನು ಕೇಳಾಕತ್ತಿಲ್ಲ. ಅವನ ಮೊಣಕಾಲು ನೋವು ಹೆಂಗೈತಿ?" ಸಂಜೆ ತಮ್ಮನದು: "ನನಗೇನೂ ಬೇಕಾಗಿಲ್ಲ. ಆಕಿ ಬಿಪಿ ಗುಳಿಗಿ ತಗಳ್ತಾಳಂತಾ?" ಸುದ್ದಿ ದಾಟಿಸುವಾಗ ನಾನು ತುಸು ತಿದ್ದುತ್ತಿದ್ದೆ. "ಸೊಕ್ಕಿಗೆ ಕಾಲು ಹಿಡದಾವ ಬಿಡು" ಎಂದು ಅಕ್ಕ ಅಂದದ್ದು ಹರಪನಹಳ್ಳಿ ಮುಟ್ಟುವಷ್ಟರಲ್ಲಿ "ಪಾಪ, ಎಳ್ಳೆಣ್ಣಿ ಹಚ್ಚಿಕೊಳ್ಳಾಕ ಹೇಳು ಅಂದ್ಲು" ಎಂದಾಗಿರುತ್ತಿತ್ತು. ಇಷ್ಟಾದರೂ ಇಬ್ಬರೂ ಕರಗಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಉಳಿದವರು ನಾವು ಮೂವರೇ. ಇವರು ಹೀಗೇ ಮುಖ ತಿರುಗಿಸಿಕೊಂಡು ಮುದುಕರಾಗಿಬಿಟ್ಟರೆ ಎಂದು ನನಗೆ ನಿಜಕ್ಕೂ ಹೆದರಿಕೆಯಿತ್ತು. ಹಾಗಂತ, ಎರಡೂ ಕಡೆಗೆ ಬೇಕಾದವನಾಗಿರುವುದರ ಸುಖವನ್ನು ಇಲ್ಲವೆನ್ನಲಾರೆ.

ಹೋದ ಬೇಸಿಗೆಯಲ್ಲಿ ನೀರಿನ ತೊಟ್ಟಿಗೆ ಬಗ್ಗಿದಾಗ ಜೇಬಿನಲ್ಲಿದ್ದ ಫೋನು ಮುಳುಗಿತು. ರಿಪೇರಿಯವನು "ನಾಳೆ ಬರ್ರಿ" ಎನ್ನುತ್ತ ದಿನ ದೂಡಿದ. ಹೆಂಡತಿ ಕೂಡ್ಲಿಗಿಯ ತವರಿಗೆ ಹೋಗಿದ್ದಳು. ಕೇಳುವವರಿಲ್ಲ, ಹೇಳುವವರಿಲ್ಲ, ನನಗೂ ಹಾಯೆನಿಸಿತು. ಒಂದು ಮಧ್ಯಾಹ್ನ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದೇನೆ, ಮನೆ ಮುಂದೆ ತಮ್ಮನ ಕಾರು ನಿಂತಿತು. ಮುಂದಿನ ಸೀಟಿನಿಂದ ಇಳಿದವಳು ಗೌರಕ್ಕ!

"ಅದಾನಲೇ ಸಿದ್ದ, ಅದಾನ! ಮಿರ್ಚಿ ತಿನ್ನಾಕತ್ಯಾನ!" ಎಂದು ಕೂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿನ್ನ ಫೋನ್ ಹತ್ತಲಿಲ್ಲ ಅಂತ ಅಕ್ಕ ನನಗೆ ಹಚ್ಚಿದ್ಲಪ್ಪ," ಎಂದ ತಮ್ಮ. "ಒಂದೇ ಸಮ ಅಳಾಕತ್ತಿದ್ಲು. ನನಗೂ ಕೈಕಾಲು ಆಡ್ಲಿಲ್ಲ. ಹಡಗಲಿಗೆ ಹೋಗಿ ಕರಕೊಂಡು ಬಂದೆ."

ಅಕ್ಕ ಅಳು ಮುಗಿಸಿ ನನ್ನ ಕಡೆ ತಿರುಗಿದಳು. "ದಾರಿಯಾಗ ಮೊಣಕಾಲು ಹೆಂಗೈತಿ ಅಂತ ಕೇಳಿದ್ರ, ‘ನೀ ಹೇಳಿದ ಎಳ್ಳೆಣ್ಣಿ ಹಚ್ಚಾಕತ್ತೀನಿ’ ಅಂತಾನ. ನಾ ಯಾವಾಗ ಹೇಳಿದ್ನೋ?" ನಾನು ತಲೆ ತಗ್ಗಿಸಿದೆ. ತಮ್ಮ ಮೊದಲು ನಕ್ಕ, ಆಮೇಲೆ ಅಕ್ಕ. ಇಬ್ಬರೂ ನನ್ನ ಮಂಡಕ್ಕಿಗೇ ಕೈ ಹಾಕಿದರು. ನಾನು ಇಷ್ಟು ಕಾಲ ಮಾತಾಡಿ ಮಾಡಲಾಗದ್ದನ್ನು ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಮಾಡಿದ್ದೆ. ಅವರು ತಿನ್ನುವುದನ್ನು ನೋಡುತ್ತಲೇ ನನಗೆ ಹೊಟ್ಟೆ ತುಂಬಿತು.

ಈಗ ಅವರಿಬ್ಬರೂ ದಿನಾ ನೇರವಾಗಿ ಮಾತಾಡುತ್ತಾರೆ. ನನ್ನ ಹೊಸ ಫೋನು ತೆಪ್ಪಗೆ ಬಿದ್ದಿರುತ್ತದೆ. ಮೊನ್ನೆ ಅಂಗಡಿಗೆ ಬಂದ ಹಡಗಲಿಯ ಗಿರಾಕಿಯೊಬ್ಬರು, "ನಿಮ್ಮಕ್ಕಾರು ಅಜ್ಜಿ ಆಗ್ಯಾರಂತಲ್ರಿ, ಪೇಡೆ ಇಲ್ಲೇನ್ರಿ?" ಎಂದರು. ನನಗೆ ಗೊತ್ತೇ ಇಲ್ಲ! ಅಕ್ಕನಿಗೆ ಫೋನು ಮಾಡಿದರೆ, "ಸಿದ್ದ ಹೇಳಿರ್ತಾನ ಅಂತ ಮಾಡಿದ್ನೋ" ಎಂದಳು. ಸಿದ್ದನಿಗೆ ಮಾಡಿದರೆ, "ಅಕ್ಕ ಹೇಳಿರ್ತಾಳ ಅನ್ಕೊಂಡೆ" ಎಂದ. ಸಿಟ್ಟು ನೆತ್ತಿಗೇರಿತು. ಇಬ್ಬರ ಜೊತೆಗೂ ಮಾತು ಬಿಟ್ಟೇಬಿಡೋಣ ಅನಿಸಿತು. ಆದರೆ ನಾನು ಮಾತು ಬಿಟ್ಟಿದ್ದೇನೆಂಬ ಸುದ್ದಿಯನ್ನು ಅವರಿಗೆ ಮುಟ್ಟಿಸಲು ನನಗೆ ಯಾರಿದ್ದಾರೆ?