ನೇಪಾಳಕ್ಕೆ ಮುದ್ದೆ ಕಲಿಸಲು ಹೋದೆ

ಈ ಪ್ರಸಂಗದ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಅಲ್ಲಿದ್ದ ಮಕ್ಕಳು ಇಪ್ಪತ್ತಾರು ಎಂದು ನನ್ನ ಡೈರಿಯಲ್ಲಿದೆ. ಇಪ್ಪತ್ತೆರಡೇ ಎನ್ನುತ್ತಾರೆ ನಮ್ಮ ಪಾಸ್ಟರ್. ಮುದ್ದೆಯಲ್ಲಿ ಗಂಟುಗಳಿದ್ದವು ಎಂಬುದರ ಬಗ್ಗೆ ಮಾತ್ರ ಎರಡು ದೇಶಗಳಲ್ಲೂ ಭಿನ್ನಾಭಿಪ್ರಾಯವಿಲ್ಲ!

ದೊಡ್ಡಬಳ್ಳಾಪುರದ ನಮ್ಮ ಚರ್ಚಿನ ಸಭೆಯಿಂದ ಐದು ಜನರ ಸೇವಾ ತಂಡ ನೇಪಾಳದ ಒಂದು ಅನಾಥಾಶ್ರಮಕ್ಕೆ ಹೊರಟಿತ್ತು. ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೇಳಿದರು: "ಆ ಮಕ್ಳಿಗೆ ಒಂದಿನ ನಮ್ಮೂರಿನ ಊಟ ಮಾಡಿ ಹಾಕ್ಬೇಕು. ಯಾರು ಮಾಡ್ತೀರಿ?"

ನನ್ನ ಕೈ ಮೇಲೆದ್ದಿತು. ನಾನೇ ಎತ್ತಿದೆನೋ, ತಾನಾಗಿ ಎದ್ದಿತೋ, ಈಗಲೂ ಖಚಿತವಿಲ್ಲ. "ಮುದ್ದೆ ಮಾಡ್ತೀನಿ ಪಾಸ್ಟರ್! ಪಾಪ, ಆ ಮಕ್ಳು ರಾಗಿನೇ ನೋಡಿರಲ್ಲ."

ಪಕ್ಕದಲ್ಲಿದ್ದ ಅತ್ತೆ ಬೈಬಲ್ ಮುಚ್ಚಿ ನನ್ನನ್ನು ನೋಡಿದರು. ನನ್ನ ಮದುವೆಯಾದ ಹನ್ನೆರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮುದ್ದೆ ಮಾಡಿದವರು ಅವರೊಬ್ಬರೇ. ನಾನು ಒಲೆಯ ಹತ್ತಿರ ಸುಳಿದಾಗಲೆಲ್ಲ "ನೀನ್ ಹೋಗಮ್ಮ, ಓದ್ಕೋ. ಇದನ್ನ ನಾನ್ ನೋಡ್ಕೋತೀನಿ" ಎನ್ನುತ್ತಿದ್ದರು. ಎಂ.ಎ. ಮಾಡಿದವಳು ನಾನು, ಓದಲು ಹೋಗುತ್ತಿದ್ದೆ. ಆದರೂ ಹನ್ನೆರಡು ವರ್ಷ ದೂರದಿಂದ ನೋಡಿದ್ದೇನಲ್ಲ! ಬರದೇ ಇರುತ್ತದೆಯೇ?

"ನೀನಾ?" ಎಂದರು.

"ಹೂಂ ಅತ್ತೆ."

"ಆಗ್ಲಿ ಬಿಡು. ದೇವ್ರಿದ್ದಾನೆ."

ಹೊರಡುವ ದಿನ ತಮ್ಮ ತಾಯಿಯ ಕಾಲದ ಮುದ್ದೆ ಕೋಲನ್ನು ನನ್ನ ಕೈಗಿಟ್ಟರು. "ಮಕ್ಳು ನಿನ್ ಮುದ್ದೆ ತಿನ್ನೋ ಫೋಟೋ ತಂದು ತೋರ್ಸು. ಅವತ್ತಿಂದ ಈ ಮನೆ ಒಲೆ ನಿಂದೇ." ಹತ್ತು ಕೆಜಿ ರಾಗಿ ಹಿಟ್ಟು, ಒಂದು ಕೋಲು, ಒಂದು ಸವಾಲು!

ದೊಡ್ಡ ಸೂಟ್‌ಕೇಸಿನಲ್ಲಿ ಮುರಿದೀತೆಂದು ಕೋಲನ್ನು ಕೈಚೀಲದಲ್ಲೇ ಇಟ್ಟುಕೊಂಡೆ. ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ತಪಾಸಣೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಮೇಡಂ, ದೊಣ್ಣೆ ತಗೊಂಡ್ ಹೋಗಂಗಿಲ್ಲ."

"ಸರ್, ಅದು ಮುದ್ದೆ ಕೋಲು!"

"ಇರ್ಬೋದು. ತಲೆಗೆ ಬಿದ್ರೆ ದೊಣ್ಣೆನೇ."

ಕೋಲು ಅಲ್ಲೇ ಉಳಿಯಿತು. ತಂಡದಲ್ಲೇ ಇದ್ದ ನನ್ನ ಗಂಡ ಜಯರಾಜ್ ಸಮಾಧಾನ ಹೇಳಿದರು: "ಬಿಡೇ, ಅಮ್ಮನಿಗೆ ನಾನಂತೂ ಹೇಳಲ್ಲ. ನೀನೇ ಹೇಳು."

ಅನಾಥಾಶ್ರಮದಲ್ಲಿ ಮಕ್ಕಳು ಸಾಲಾಗಿ ಕುಳಿತರು. ಪಾಸ್ಟರ್ ತಮ್ಮ ಹಿಂದಿಯಲ್ಲಿ ನನ್ನನ್ನು ಪರಿಚಯಿಸಿದರು. ನಾನು ಒಲೆಯ ಮೇಲೆ ನೀರಿಟ್ಟು, ಅದು ಕುದಿಯುವ ತನಕ ರಾಗಿಯ ಮಹಿಮೆಯನ್ನು ಕುರಿತು ಉಪನ್ಯಾಸ ನೀಡಿದೆ. ಮುಖ್ಯವಾಗಿ, ಇದನ್ನು ಅಗಿಯಬಾರದು, ನುಂಗಬೇಕು ಎಂದು ಅಭಿನಯಿಸಿ ತೋರಿಸಿದೆ. ಮಕ್ಕಳು ಬಹಳ ಸಭ್ಯರು. ಒಬ್ಬರೂ ನಗಲಿಲ್ಲ.

ಹಿಟ್ಟು ಸುರಿದು ಸಾರಿನ ಸೌಟಿನಿಂದ ತಿರುವತೊಡಗಿದೆ.

"ಲೇ, ಗಂಟಾಗ್ತಿದೆ ಕಣೇ," ಎಂದರು ಜಯರಾಜ್.

"ಅದು ಹಂಗೇ ಇರತ್ತೆ. ಸುಮ್ನಿರಿ!"

ಗಂಟು ಕರಗಲೆಂದು ನೀರು ಹಾಕಿದೆ, ಅಂಬಲಿಯಾಯಿತು. ಅಂಬಲಿ ಗಟ್ಟಿಯಾಗಲೆಂದು ಹಿಟ್ಟು ಹಾಕಿದೆ. ಹಳೆಯ ಗಂಟುಗಳಿಗೆ ಹೊಸ ಗಂಟುಗಳು ಜೊತೆಯಾದವು. ಸೌಟು ಬಾಗಿತು. ಕೊನೆಗೆ ಸಿದ್ಧವಾದ ಪದಾರ್ಥಕ್ಕೆ ಯಾವ ಭಾಷೆಯಲ್ಲೂ ಹೆಸರಿರಲಿಲ್ಲ. ಮೊದಲ ತುತ್ತಿನ ಗೌರವ ಪಾಸ್ಟರ್‌ಗೆ. ಅವರು ಒಂದು ಗಂಟನ್ನು ಒಡೆದದ್ದೇ ತಡ, ಒಳಗಿದ್ದ ಒಣ ಹಿಟ್ಟು ಬುಸ್ಸೆಂದು ಹಾರಿ ಅವರ ಮೀಸೆಗೆ ಬಿತ್ತು!

ಮಕ್ಕಳ ಸಾಲಿನಿಂದ ಹನ್ನೆರಡು ವರ್ಷದ ಸುನೀತಾ ಮೆಲ್ಲಗೆ ಬಂದು ಹಿಂದಿಯಲ್ಲಿ ಕೇಳಿದಳು: "ಆಂಟಿ, ಇದು ಮೊದಲ ಸಲವಾ?"

"ಹೌದಮ್ಮ, ನಿಮಗೆಲ್ಲ ಮೊದಲ ಸಲ. ಅಭ್ಯಾಸ ಆಗುತ್ತೆ."

"ನಮಗಲ್ಲ. ನಿಮಗೆ."

ಆಶ್ರಮದ ಅಡುಗೆಯ ದೀದಿ ಗೋಡೆಯಿಂದ ಮರದ ಚಪ್ಪಟೆ ಸಟ್ಟುಗ ಇಳಿಸಿಕೊಂಡರು. ನಮ್ಮದೇ ಹಿಟ್ಟು, ಅವರದೇ ಕೈ. ಕಾಲು ಗಂಟೆಯಲ್ಲಿ ಒಂದೂ ಗಂಟಿಲ್ಲದೆ, ಕನ್ನಡಿಯಂತೆ ಹೊಳೆಯುತ್ತ ತಟ್ಟೆಗೆ ಬಂತು ಮುದ್ದೆ! ಅದಕ್ಕೆ ಅಲ್ಲಿ ಢಿಂಡೋ ಎನ್ನುತ್ತಾರಂತೆ. ವಾರಕ್ಕೆರಡು ಸಲ ತಿನ್ನುತ್ತಾರಂತೆ. ಅಗಿಯುವುದಿಲ್ಲ, ನುಂಗುತ್ತಾರಂತೆ!

ಜಯರಾಜ್ ನನ್ನ ಕಿವಿಯ ಹತ್ತಿರ ಬಗ್ಗಿದರು. "ನೀನ್ ಹೇಳ್ಕೊಟ್ಟಿದ್ದನ್ನ ಎಷ್ಟ್ ಬೇಗ ಕಲಿತ್ಬಿಟ್ರು ನೋಡು!"

ಸೇವೆ ಮಾಡಲು ಹೋದ ನಮ್ಮ ತಂಡ ಸಾಲಾಗಿ ಕುಳಿತಿತು. ಮಕ್ಕಳು ಬಡಿಸಿದರು. ನಾನು ಅಗಿಯುತ್ತೇನೋ ಏನೋ ಎಂದು ಸುನೀತಾ ಎದುರಿಗೇ ನಿಂತು ಪರೀಕ್ಷಿಸಿದಳು. ಆಮೇಲೆ ಮಕ್ಕಳು ತಿನ್ನುವಾಗ ಜಯರಾಜ್ ಫೋಟೋ ತೆಗೆದರು. ಹೊರಡುವಾಗ ದೀದಿ ನನಗೊಂದು ಸಟ್ಟುಗ ಕೊಟ್ಟರು. ಅದರಲ್ಲಿ ಕರುಣೆಯಿತ್ತು.

ಊರಿಗೆ ಬಂದು, ಮಕ್ಕಳು ದೀದಿಯ ಮುದ್ದೆ ತಿನ್ನುತ್ತಿದ್ದ ಫೋಟೋವನ್ನೇ ಅತ್ತೆಯ ಮುಂದೆ ಹಿಡಿದೆ. ಸುಳ್ಳೇನೂ ಹೇಳಲಿಲ್ಲ; ಬಾಯೇ ಬಿಡಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಇದು ನಿನ್ ಕೈದಲ್ಲ."

"ಹೆಂಗ್ ಗೊತ್ತಾಯ್ತು ಅತ್ತೆ?"

"ಮಕ್ಳು ನಗ್ತಾವೆ."

ಎಲ್ಲವನ್ನೂ ಒಪ್ಪಿಕೊಂಡೆ. ಕೋಲಿನ ಸುದ್ದಿಗೆ ಕನ್ನಡಕ ತೆಗೆದಿಟ್ಟರು. ಆಮೇಲೆ ದೀದಿಯ ಸಟ್ಟುಗವನ್ನು ತಿರುಗಿಸಿ ನೋಡಿ, ಒಲೆಯ ಮೇಲೆ ನೀರಿಟ್ಟರು. ಒಲೆ ಇನ್ನೂ ಅವರದ್ದೇ.

ಅವರು ಹಿಟ್ಟು ತಿರುವಿ ಇಳಿಸುವ ಹೊತ್ತಿಗೆ ಬಾಗಿಲ ಬಳಿ ನಿಂತು ಕೇಳಿಯೇಬಿಟ್ಟೆ: "ಅತ್ತೆ, ಇಷ್ಟ್ ವರ್ಷ 'ಹೋಗಮ್ಮ, ಓದ್ಕೋ' ಅಂತಿದ್ರಲ್ಲ, ಅದು ಪ್ರೀತಿಗಾ, ನನ್ ಮುದ್ದೆ ಭಯಕ್ಕಾ?"

ಅತ್ತೆ ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಮುದ್ದೆ ಕಟ್ಟತೊಡಗಿದರು.